ಹಾರದ ವಿಮಾನದ ಭೋಂಗಾ

ಭೋಂಗಾ ಮತ್ತೆ ಅರಚಿತು.

"ಯಪ್ಪಾ, ಸಾಕ ಮಾಡ್ರಿ! ಕಿವಿ ಹರದು ಹೊಂಟಾವು," ಎಂದು ಕಾವಲುಗಾರ ದಾದಾಸಾಬ ಬಾಗಿಲಲ್ಲೇ ಎರಡೂ ಕಿವಿ ಮುಚ್ಚಿಕೊಂಡು ಕುಕ್ಕರಿಸಿದ.

ನಾನು ಎಂಜಿನ್ ಹಿಡಿಕೆಗಳನ್ನು ಹಿಂದಕ್ಕೆ ಎಳೆದೆ. ಸದ್ದು ನಿಂತಿತು. ಮುಂದಕ್ಕೆ ತಳ್ಳಿದೆ. ಮತ್ತೆ ಅದೇ ಅರಚಾಟ.

ನಾನು ಕುಳಿತಿದ್ದದ್ದು ವಿಮಾನದಲ್ಲಲ್ಲ. ಅಥಣಿ ರಸ್ತೆಯ ಹಳೇ ಹತ್ತಿ ಗೋದಾಮಿನೊಳಗೆ, ವಿಮಾನದ ಮುಂಭಾಗವನ್ನಷ್ಟೇ ಕೊಯ್ದು ತಂದಿಟ್ಟಂಥ ಒಂದು ಕೋಣೆಯಲ್ಲಿ. ಒಳಗೆ ದೊಡ್ಡ ಪ್ರಯಾಣಿಕರ ವಿಮಾನದಲ್ಲಿರುವ ಎಲ್ಲ ಹಿಡಿಕೆ, ಮುಳ್ಳು, ದೀಪ. ಕೆಳಗೆ ಎಣ್ಣೆಯ ಒತ್ತಡಕ್ಕೆ ಏರಿ ಇಳಿಯುವ ಉಕ್ಕಿನ ಕಾಲುಗಳು. ನೆಲ ಬಿಡದೆ ಹಾರುವುದನ್ನು ಕಲಿಸುವ ಯಂತ್ರ, ಸಿಮ್ಯುಲೇಟರ್ ಅನ್ನುತ್ತಾರೆ. ಹೊರದೇಶದವರು ಗುಜರಿಗೆ ಹಾಕಿದ್ದನ್ನು ಬಬಲೇಶ್ವರದ ಕ್ಯಾಪ್ಟನ್ ಯಲಗೂರಪ್ಪ ತಂದು, ವಿಜಾಪುರದಲ್ಲಿ ಪೈಲಟ್ ಶಾಲೆ ತೆರೆದಿದ್ದ. ಎಪ್ಪತ್ತನಾಲ್ಕನೇ ಇಸವಿಯಲ್ಲಿ ಊರಿಗೆಲ್ಲ ಅದೇ ದೊಡ್ಡ ಸುದ್ದಿ.

ಹೋದ ವಾರ ಇದೇ ಯಂತ್ರದ ಕಾಲಡಿ ಸಿಕ್ಕು ಮೆಕ್ಯಾನಿಕ್ ಪರಸಪ್ಪ ಸತ್ತಿದ್ದ. ನಾನೀಗ ಕೂತಿದ್ದ ಕುರ್ಚಿಯಲ್ಲಿ ಆಗ ಕೂತಿದ್ದವನು ಈ ಶಾಲೆಯ ವಿದ್ಯಾರ್ಥಿ, ಘೋಣಸಗಿಯ ಕುರಿಗಾರರ ಹುಡುಗ ಅಮಸಿದ್ದ. ಕೊಲೆಗಾರನೆಂದು ಅವನನ್ನು ಲಾಕಪ್ಪಿಗೆ ಹಾಕಿದ್ದರು. ಅವನೋ, ಬಾಯಿಗೆ ಬೀಗ ಜಡಿದುಕೊಂಡು ಕೂತಿದ್ದ. ಅವನ ತಾಯಿ ಮುದುಕವ್ವ ಸಿದ್ಧೇಶ್ವರ ಗುಡಿಯ ಹಿಂದಿನ ನನ್ನ ಮಾಳಿಗೆ ಹತ್ತಿ ಬಂದು, "ನನ್ನ ಮಗನ ಕೊಳ್ಳ ಉಳಸ್ರಿ ಶಂಕರೆಪ್ಪ" ಎಂದು ನೆಲಕ್ಕೆ ಕೂತವಳು, ನಾನು ಹೂಂ ಅನ್ನುವ ತನಕ ಎದ್ದಿರಲಿಲ್ಲ.

"ಇನ್ನೊಮ್ಮೆ ಹೇಳ್ರಿ ಕ್ಯಾಪ್ಟನ್," ಎಂದೆ. "ಇದು ಯಾವಾಗ ಒದರಬೇಕು, ಯಾವಾಗ ಒದರಬಾರದು?"

ಪಕ್ಕದ ಕುರ್ಚಿಯಲ್ಲಿ ಕ್ಯಾಪ್ಟನ್ ಯಲಗೂರಪ್ಪ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಇಸ್ತ್ರಿ ಮುರಿಯದ ಬಿಳೀ ಅಂಗಿ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು. ನನ್ನಂಥ ದಡ್ಡನಿಗೆ ಪಾಠ ಹೇಳುವುದು ಅವನಿಗೆ ಬಲು ಖುಷಿ.

"ನಾಕು ಸಂಗತಿ ಸರಿ ಇರಬೇಕ್ರಿ. ರೆಕ್ಕಿ ಹಿಂದಿನ ಫ್ಲ್ಯಾಪ್ ಇಳಿಸಿರಬೇಕು. ಬಾಲದ ಟ್ರಿಮ್ ಹಸರ ಗೆರಿ ಒಳಗ ಇರಬೇಕು. ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕು. ಗಾಳಿ ತಡಿಯೋ ಏರ್‌ಬ್ರೇಕ್ ಹಿಡಿಕಿ ಪೂರಾ ಕೆಳಗ ಕುಂತಿರಬೇಕು. ಇದರಾಗ ಒಂದು ತಪ್ಪಿದ್ರೂ ಎಂಜಿನ್ ಹಿಡಿಕಿ ಮುಂದ ತಳ್ಳಿದ ಕೂಡ್ಲೇ ಭೋಂಗಾ ಒದರತೈತಿ. ನಿಂದ್ರು, ಏರಬ್ಯಾಡ ಅಂತ."

"ನಾಕೂ ಸರಿ ಇದ್ರ?"

"ಒದರಬಾರದು."

"ಒದರಾಕತ್ತೈತಲ್ಲ!"

"ಅದನ್ನ ಹುಡುಕಾಕ ಹೋಗೇ ಪರಸಪ್ಪ ಸತ್ತಾನ. ನಿಮಗ ಸಿಗತೈತೇನು?" ಎಂದು ನಕ್ಕ.

ನನಗೆ ಸಿಟ್ಟು ನೆತ್ತಿಗೇರಿತು. ಈ ಸಿಟ್ಟಿನಿಂದಲೇ ಮೇಲಿನವರೊಡನೆ ಬಾಯಿ ಮಾಡಿಕೊಂಡು ಪೊಲೀಸ್ ಫೌಜದಾರಿಕೆ ಬಿಟ್ಟು ಖಾಸಗಿ ಪತ್ತೇದಾರಿಕೆಗೆ ಬಿದ್ದವನು ನಾನು. ಆದರೆ ಅಂದು ಹಲ್ಲು ಕಚ್ಚಿಕೊಂಡು ಯಂತ್ರದ ಕಡೆ ತಿರುಗಿದೆ. ಯಂತ್ರವಾದರೂ ನಗುವುದಿಲ್ಲ.

ಒಂದೊಂದನ್ನೇ ನೋಡಿದೆ. ಫ್ಲ್ಯಾಪ್ ಹಿಡಿಕೆಯನ್ನು ಇನ್ನೊಂದು ಹಲ್ಲು ಕೆಳಗಿಳಿಸಿ ಎಂಜಿನ್ ತಳ್ಳಿದೆ. ಅರಚಿತು. ಟ್ರಿಮ್ ಗಾಲಿಯನ್ನು ತಿರುವಿ ಮುಳ್ಳನ್ನು ಹಸಿರಿನ ನಟ್ಟನಡುವೆ ತಂದೆ. ಅರಚಿತು. ಹ್ಯಾಂಡ್‌ಬ್ರೇಕನ್ನು ಹಾಕಿ ಬಿಟ್ಟೆ. ಅರಚಿತು. ಉಳಿದದ್ದು ಏರ್‌ಬ್ರೇಕ್. ಅದರ ಹಿಡಿಕೆ ಕಣ್ಣಿಗೆ ಪೂರಾ ಕೆಳಗೆ ಕೂತ ಹಾಗೇ ಇತ್ತು. ನನಗೂ ಹಟ. ಹೆಬ್ಬೆರಳಿಟ್ಟು ಮೈಭಾರವನ್ನೆಲ್ಲ ಹಾಕಿ ಒತ್ತಿದೆ.

ಭೋಂಗಾ ಗಪ್ಪಾಯಿತು.

ಬೆರಳು ತೆಗೆದೆ. ಅರಚಿತು. ಒತ್ತಿದೆ. ಗಪ್ಪು.

"ದಾದಾಸಾಬ, ಒಂದು ಸ್ಕ್ರೂಡ್ರೈವರ್ ಕೊಡೋ!"

ಹಿಡಿಕೆಯ ಸುತ್ತಲಿನ ತಗಡನ್ನು ಬಿಚ್ಚಿ ಎತ್ತಿದೆ. ಹಿಡಿಕೆ ಹೋಗಿ ಕೂರಬೇಕಾದ ಕುಳಿಯೊಳಗೆ ಏನೋ ತುಂಬಿತ್ತು. ಅದರಿಂದಾಗಿ ಹಿಡಿಕೆ ಕೂದಲೆಳೆಯಷ್ಟು ಮೇಲೆ ನಿಂತು, ಅದರಡಿಯ ಪುಟ್ಟ ಸ್ವಿಚ್ಚಿಗೆ ತಾಗುತ್ತಿರಲಿಲ್ಲ. ಬೆರಳು ಹಾಕಿ ತೆಗೆದೆ. ಹಳದಿ ಪುಡಿ. ಒಣಗಿದ, ಒಳ್ಳೇ ಹೊಳೆಯುವ ಹಳದಿ. ಮೂಗಿಗೆ ಹಿಡಿದೆ.

ಭಂಡಾರ.

ಅಮೋಗಸಿದ್ಧನ ಗುಡಿಗೆ ಹೋಗಿ ಬಂದ ಯಾವ ಕುರಿಗಾರನ ಹಣೆ ನೋಡಿದರೂ ಇರುತ್ತದಲ್ಲ, ಆ ಅರಿಷಿಣದ ಭಂಡಾರ. ವಿಮಾನದ ಹೊಟ್ಟೆಯೊಳಗೆ ಇದಕ್ಕೇನು ಕೆಲಸ?

"ಹಾಯ್ ಅಲ್ಲಾ," ಎಂದ ದಾದಾಸಾಬ. "ಖಂಡೇಪೂಜಿ ದಿನ ಮುದುಕವ್ವ..." ಅಷ್ಟಕ್ಕೇ ನಾಲಿಗೆ ಕಚ್ಚಿಕೊಂಡ.

"ಮುದುಕವ್ವ ಏನು?"

ಅವನು ಕ್ಯಾಪ್ಟನ್‌ನ ಮುಖ ನೋಡಿದ. ಕ್ಯಾಪ್ಟನ್ ಕೈಯಾಡಿಸಿ ಹೇಳು ಅಂದ.

"ದಸರಾದ ಖಂಡೇಪೂಜಿಗೆ ಹುಡುಗೂರ ಮನಿಯವರೆಲ್ಲಾ ಬಂದಿದ್ರುರಿ. ಎಲ್ಲಾರೂ ಮಿಸಿನ್ನಿಗೆ ಕುಂಕುಮ ಹಚ್ಚಿದ್ರು, ಹೂ ಏರಿಸಿದ್ರು. ಮುದುಕವ್ವ ಒಳಗ ಹತ್ತಿ, ಹಿಡಿಕಿ ಹಿಡಿಕಿಗೂ ಮುಟಿಗಿ ಮುಟಿಗಿ ಭಂಡಾರ ಹಾಕಿದ್ಳುರಿ. ಹಟ್ಟಿ ಬಿಟ್ಟು ಕುರಿ ಹೊಂಟಾಗ ಮುಂದಿನ ಟಗರಿನ ನೆತ್ತಿಗೆ ಹಾಕತಾರಂತಲ್ಲರಿ, ಹಂಗ. ಮಗಾ ಮುಗಲಿಗೆ ಹೊಂಟಾನ ಅಂತ."

ಅಮಸಿದ್ದ ಯಾಕೆ ಬಾಯಿ ಬಿಡುತ್ತಿಲ್ಲ ಎಂದು ವಾರವಿಡೀ ತಲೆ ಕೆಡಿಸಿಕೊಂಡಿದ್ದೆ. ಅವನಿಗೆ ಗೊತ್ತಿತ್ತು. ತಾಯಿಯ ಕೈಯ ಭಂಡಾರದಿಂದ ಭೋಂಗಾ ಕೆಟ್ಟಿತು. ಕೆಟ್ಟ ಭೋಂಗಾ ಹುಡುಕಲು ಪರಸಪ್ಪ ಯಂತ್ರದ ಕೆಳಗೆ ಹೋದ. ಹೋದವನು ಹೆಣವಾಗಿ ಹೊರಗೆ ಬಂದ. ಇದನ್ನು ಯಾವ ಮಗ ಬಾಯಿಬಿಟ್ಟು ಹೇಳಿಯಾನು?

ಆದರೂ ಒಂದು ಸಂಗತಿ ನನ್ನ ತಲೆ ತಿನ್ನುತ್ತಿತ್ತು.

"ಕ್ಯಾಪ್ಟನ್, ನಾ ಮುಂಜಾನಿಂದ ಎಂಜಿನ್ ತಳ್ಳಾಕತ್ತೇನಿ. ಭೋಂಗಾ ಒದರಾಕತ್ತೈತಿ ಖರೆ, ಈ ಕೋಣಿ ಮಾತ್ರ ಅಳ್ಳಾಡವಲ್ದು. ಅವತ್ತ ಯಾಕ ಅಳ್ಳಾಡ್ತು?"

"ಪಂಪ್ ಬಂದ್ ಐತಲ್ಲ. ಎಣ್ಣಿ ಪಂಪ್ ಚಾಲೂ ಇದ್ರ ಕಾಲು ಏಳತಾವು."

"ಭೋಂಗಾ ಪರೀಕ್ಷಾ ಮಾಡಾಕ ಪಂಪ್ ಬೇಕೇನು?"

ಅವನು ಅಂಗಿಯ ತೋಳು ಸರಿಪಡಿಸಿಕೊಂಡ.

"ದಾದಾಸಾಬ, ಪಂಪಿನ ಕೀಲಿಕೈ ಯಾರ ಕಡೆ ಇರತೈತಿ?"

"ಸಾಹೇಬ್ರ ಕಿಸೇದಾಗರಿ. ಬ್ಯಾರೆ ಯಾರಿಗೂ ಕೊಡೂದಿಲ್ರಿ."

ನಾನು ಎದ್ದು ನಿಂತೆ. ಆ ಸಣ್ಣ ಗೂಡಿನಲ್ಲಿ ನಿಂತರೆ ತಲೆ ಮೇಲಿನ ಸ್ವಿಚ್ಚುಗಳಿಗೆ ಬಡಿಯುತ್ತದೆ, ಬಡಿಯಿತು.

"ಅಂದ್ರ, ಒಬ್ಬ ಮನಷ್ಯಾ ಕೆಳಗ ಹೋಗಿ ಮಲಗಿ ವಾಯರ್ ನೋಡಾಕತ್ತಾಗ ಪಂಪ್ ಚಾಲೂ ಮಾಡಿದಾಂವ ನೀನು! ಎಂಜಿನ್ ತಳ್ಳೋ ಅಂತ ಆ ಹುಡುಗಗ ಹೇಳಿದಾಂವನೂ ನೀನು! ಹೌದಿಲ್ಲೋ?"

"ದನಿ ಇಳಸ್ರಿ."

"ಇಳಸೂದಿಲ್ಲ! ಹೌದಿಲ್ಲೋ?"

ಕ್ಯಾಪ್ಟನ್ ದಾದಾಸಾಬನಿಗೆ ಹೊರಗೆ ಹೋಗೆಂದು ಕಣ್ಸನ್ನೆ ಮಾಡಿದ. ಮುದುಕ ಮೆಟ್ಟಿಲಿಳಿದು ಹೋದ ಮೇಲೆ ಸಿಗರೇಟು ಹಚ್ಚಿದ.

"ಪಂಪ್ ಚಾಲೂ ಮಾಡ್ರಿ ಅಂತ ಪರಸಪ್ಪನೇ ಅಂದಿದ್ದ ಅಂತೀನಿ ನಾ. ಸತ್ತಾಂವ ಬಂದು ಅಲ್ಲ ಅಂತಾನೇನು? ಹೇಳೋದಾದ್ರ ಅಮಸಿದ್ದ ಹೇಳಬೇಕು. ಅಂವ ಹೇಳೂದಿಲ್ಲ."

"ಯಾಕ ಹೇಳೂದಿಲ್ಲ?"

"ಅಂವ ಪಂಪಿನ ಸುದ್ದಿ ತಗದ್ರ, ನಾ ಭಂಡಾರದ ಸುದ್ದಿ ತಗೀತೀನಿ ಅಂತ ಅವಂಗ ಆಗಲೇ ಹೇಳೇನಿ." ಈಗ ಅವನ ದನಿಯೇ ಎತ್ತರವಾಗಿತ್ತು. ಗೋದಾಮಿನ ತಗಡಿಗೆ ಬಡಿದು ಮಾರ್ದನಿಸುವಷ್ಟು. "ಕೋರ್ಟಿನ್ಯಾಗ ನಿಂತು ಹೇಳತೀನಿ. ಪರಸಪ್ಪನ್ನ ಕೊಂದಾಕಿ ಮುದುಕವ್ವ! ಆಕೀ ಭಂಡಾರ! ಆಕಿ ಮುಟಿಗಿ ತುಂಬಿ ಹಾಕದಿದ್ರ ಭೋಂಗಾ ಕೆಡತಿದ್ದಿಲ್ಲ, ಆ ಮನಷ್ಯಾ ಕೆಳಗ ಹೋಗತಿದ್ದಿಲ್ಲ ಅಂತ! ಹೆಂಗ?"

ಎಂಥ ನೀಚ ಅನ್ನಿಸಿತು. ನಾನು ಬಹಳ ಕಳ್ಳರನ್ನು ಕಂಡಿದ್ದೇನೆ. ಆದರೆ ಒಬ್ಬ ತಾಯಿಯ ಹರಕೆಯನ್ನು ಹಿಡಿದು ಮಗನ ಕುತ್ತಿಗೆ ಹಿಸುಕುವವನನ್ನು ಕಂಡದ್ದು ಅದೇ ಮೊದಲು.

ಆಮೇಲೆ ಅವನ ದನಿ ಸಣ್ಣಗಾಯಿತು. "ನೀವೂ ಹಳ್ಳಿಯವರು. ಆ ಮುದುಕಿ ಮ್ಯಾಲ ಕರುಣಾ ಇದ್ರ ಒರಸಿಬಿಡ್ರಿ ಅದನ್ನ. ನಾ ನೋಡಿಲ್ಲ, ನೀವೂ ನೋಡಿಲ್ಲ. ಕೇಸು ಬ್ಯಾರೆ ದಾರಿಲೆ ನಡಸ್ರಿ, ನಾ ಅಡ್ಡ ಬರೂದಿಲ್ಲ."

ನಾನು ಒರೆಸಿದೆ.

ಹೌದು, ಜೇಬಿನಿಂದ ಕರವಸ್ತ್ರ ತೆಗೆದು ಕುಳಿಯ ಮೂಲೆ ಮೂಲೆಗೂ ಬೆರಳು ಹಾಕಿ, ನಾನೇ ಕೈಯಾರೆ ಒರೆಸಿದೆ. ಹೊರಗೆ ಬೇವಿನ ಗಿಡದ ಕೆಳಗೆ ಕೂತು ನನಗಾಗಿ ಕಾಯುತ್ತಿದ್ದ ಆ ಹಣ್ಣುಮುದುಕಿಯ ಮುಖ ನೆನೆದು ಒರೆಸಿದೆ. ತಗಡು ಕೂರಿಸಿ ಎಂಜಿನ್ ತಳ್ಳಿದೆ. ಭೋಂಗಾ ಉಸಿರೆತ್ತಲಿಲ್ಲ. ಕರವಸ್ತ್ರವನ್ನು ನಲ್ಲಿಯ ಕೆಳಗೆ ಹಿಡಿದು ಹಿಂಡೋಣವೆಂದು ಇಳಿಯಲು ತಿರುಗಿದೆ.

ಮೆಟ್ಟಿಲ ಬುಡದಲ್ಲಿ ಮುದುಕವ್ವ ನಿಂತಿದ್ದಳು.

ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಕೇಳುವ ಅಗತ್ಯವಿರಲಿಲ್ಲ. ಸೆರಗಿನ ಅಂಚು ಬಾಯಲ್ಲಿ ಕಚ್ಚಿ ಹಿಡಿದಿದ್ದಳು.

"ಮುದುಕವ್ವಾ, ಅಂವ ಬಾಯಿಗೆ ಬಂದಿದ್ದು ಒದರತಾನ, ನೀ ಅದನ್ನ..."

"ನಂದೇನ್ರಿ ಯಪ್ಪಾ ಅದು?"

ನನಗೆ ಸುಳ್ಳು ಹೇಳಲಾಗಲಿಲ್ಲ. ಕರವಸ್ತ್ರವನ್ನು ಜೇಬಿಗೆ ತುರುಕಿದೆ. ಅದೇ ಅವಳಿಗೆ ಉತ್ತರವಾಯಿತು. ತಿರುಗಿ ರಸ್ತೆಯ ಕಡೆಗೆ ನಡೆದಳು. ಕೂಗಿದೆ. ನಿಲ್ಲಲಿಲ್ಲ. ಅಥಣಿ ಬಸ್ಸಿಗೆ ಕೈ ಮಾಡಿ ಹತ್ತಿಬಿಟ್ಟಳು.

ಘೋಣಸಗಿಗೆ ಹೋಗಿ ಬಾವಿಗೀವಿ ನೋಡಿಕೊಂಡಾಳು ಎಂದು ಹೆದರಿದೆ. ಸ್ಕೂಟರ್ ಒದ್ದು ಒದ್ದು ಚಾಲೂ ಮಾಡಿ ಬಸ್ಸಿನ ಧೂಳು ತಿನ್ನುತ್ತ ಬೆನ್ನು ಹತ್ತಿದೆ. ಎರಡೂ ಕಡೆ ಬಿಳಿಜೋಳ ತೆನೆ ಬಾಗಿ ನಿಂತಿತ್ತು. ಬಸ್ಸು ಟಿಕೋಟಾದಲ್ಲಿ ನಿಂತಾಗ ಮುದುಕವ್ವ ಅಲ್ಲೇ ಇಳಿದಳು. ಆಗ ಹೊಳೆಯಿತು ನನಗೆ. ಟಿಕೋಟಾದಲ್ಲಿದ್ದದ್ದು ಪರಸಪ್ಪನ ಮನೆ.

ನಾನು ಓಣಿ ಹುಡುಕಿ ಮುಟ್ಟುವ ಹೊತ್ತಿಗೆ ಅವಳು ಅಂಗಳದಲ್ಲಿ ನಿಂತಿದ್ದಳು. ಪರಸಪ್ಪನ ಹೆಂಡತಿ ಹನಮವ್ವ ಗೋಡೆಗೊರಗಿ ಕೂತು ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟಳು.

"ಯಾಕ ಬಂದೀ?" ಎಂದಳು ಹನಮವ್ವ. "ಗಂಡನ್ನ ತಿಂದ್ರಿ, ಮನಿ ನೋಡಾಕ ಬಂದ್ಯೇನು?"

"ನನ್ನ ಮಗಾ ಕೊಂದಿಲ್ಲ ಬೇ ಹನಮವ್ವಾ. ನಾ ಕೊಂದೇನಿ."

"ಏನಂದಿ?"

"ಖಂಡೇಪೂಜ್ಯಾಗ ನಾ ಹಾಕಿದ ಭಂಡಾರ ಆ ಮಿಸಿನ್ನಿನ ಹಿಡಿಕ್ಯಾಗ ಕುಂತಿತ್ತಂತ. ಅದಕ್ಕ ಭೋಂಗಾ ಕೆಟ್ಟಿತ್ತಂತ. ಅದನ್ನ ನೋಡಾಕ ಹೋಗೇ ನಿನ್ನ ಗಂಡ..." ಸೆರಗೊಡ್ಡಿ ನಿಂತಳು. "ಬೈ, ಬಡಿ, ಏನರೆ ಮಾಡು. ನನ್ನ ಮಗನ ಮ್ಯಾಲ ಮಾತ್ರ ಹಾಕಬ್ಯಾಡ."

ಹನಮವ್ವ ಎದ್ದು ಬಂದಳು. ಹೊಡೆಯುತ್ತಾಳೆ ಅಂದುಕೊಂಡು ನಾನು ಎರಡು ಹೆಜ್ಜೆ ಮುಂದೆ ಹೋದೆ. ಅವಳು ಹೊಡೆಯಲಿಲ್ಲ. ಮುದುಕಿಯ ಮುಖವನ್ನೇ ನೋಡಿದಳು.

"ನಿನಗ ಯಾರ ಹೇಳ್ಯಾರ ಇದನ್ನ?"

"ಆ ಕ್ಯಾಪ್ಟನ್ ಸಾಹೇಬ. ಈಗ ಹಿಡಿಕ್ಯಾಗ ಸಿಕ್ತು. ಇವರೂ ನೋಡ್ಯಾರ."

"ಸುಳ್ಳ!"

ನಾನು ನಡುವೆ ಬಾಯಿ ಹಾಕಿದೆ. "ಸುಳ್ಳಲ್ಲವಾ. ನನ್ನ ಕೈಲೇ ತಗದೇನಿ."

"ಸುಳ್ಳ್ರಿ!" ಹನಮವ್ವನ ದನಿ ಕರ್ಕಶವಾಯಿತು. "ಅವಂಗ ಅದು ಸಿಕ್ಕಿತ್ತು! ಸಾಯೋ ಹಿಂದಿನ ದಿನ ಸಂಜಿಮುಂದ ಮನಿಗೆ ಬಂದಾನ, ಉಗರಾಗ ಕರಿ ಅಂಟು, ಬೆರಳಿಗೆ ಹಳದಿ ಬಣ್ಣ. ನಾ ನಕ್ಕಿದ್ನಿ, ಯಾರ ಮದವಿಗೆ ಹೋಗಿದ್ಯೋ ಅಂತ. ಹಿಂಗಿಂಗ, ಭಂಡಾರ ಎಣ್ಣಿ ಕುಡದು ಕರ್ರಗ ಅಂಟಾಗಿ ಕುಂತಿತ್ತು, ಕೆತ್ತಿ ಕೆತ್ತಿ ತಗದು ಸೀಮಿಎಣ್ಣಿ ಚಿಂದಿಲೆ ಒರಸೇನಿ, ಭೋಂಗಾದ ಬಾಯಿ ಮುಚ್ಚೇತಿ ಅಂದ. ಖುಷಿಲೆ ಎರಡು ರೊಟ್ಟಿ ಜಾಸ್ತಿ ಉಂಡ."

"ಸಾಹೇಬಗ ಹೇಳಿದ್ನೇನು?"

"ಭೋಂಗಾ ಸರಿ ಆತು ಅಂದೇನಿ, ಹೆಂಗ ಕೆಟ್ಟಿತ್ತು ಕೇಳಿದಾಗ ಭಂಡಾರ ಅಂದೇನಿ, ಆದ್ರ ಯಾರದಂತ ಹೇಳಿಲ್ಲ ಅಂದ. ಕುರಿಗಾರರ ಮುದುಕಿ, ಪಾಪ, ಎಲ್ಲಾರ ಮುಂದ ಮರ್ಯಾದಿ ತಗೀತಾನ ಆ ಸಾಹೇಬ ಅಂತ."

ಮುದುಕವ್ವ ಹಾಗೇ ನೆಲಕ್ಕೆ ಕುಸಿದಳು.

"ಪೊಲೀಸರ ಮುಂದ ಯಾಕ ಹೇಳ್ಲಿಲ್ಲವಾ ಇದನ್ನ?" ಎಂದು ಕೂಗಿದೆ ನಾನು.

"ಕೇಳಿದ್ರಲ್ಲ ಹೇಳೋದು?" ಎಂದಳು ಹನಮವ್ವ. ಅವಳ ಕಣ್ಣಲ್ಲಿ ನೀರಿರಲಿಲ್ಲ, ಬರೀ ಉರಿ. "ಹೆಣದ ಬಾಜೂಕ ಕುಂದ್ರಿಸಿ ಹೆಬ್ಬೆಟ್ಟ ಒತ್ತಿಸ್ಕೊಂಡ್ರು. ಕುರಿಗಾರರ ಹುಡುಗ ಜಗಳ ತಗದು ಕೊಂದಾನ ಅಂದ್ರು. ನಾ ಹೌದಂದ್ನಿ. ನಮ್ಮಂಥವರನ್ನ ಯಾರು ಕುಂದ್ರಿಸಿ ಏನಾತವಾ ಅಂತ ಕೇಳತಾರ್ರಿ?"

ನಾನೂ ಈ ವಾರದಲ್ಲಿ ಅವಳ ಮನೆಗೆ ಬಂದಿರಲಿಲ್ಲ.

ಅಂಗಳದಲ್ಲಿ ನಿಂತಲ್ಲೇ ಲೆಕ್ಕ ಹಾಕಿದೆ. ಖಂಡೇಪೂಜೆಯಾಗಿ ಎಷ್ಟು ತಿಂಗಳಾಯಿತು? ಎಣ್ಣೆ ಗ್ರೀಸಿನ ನಡುವೆ ಅಷ್ಟು ದಿನ ಕೂತ ಭಂಡಾರ ಕಪ್ಪಗೆ ಅಂಟಾಗಬೇಕು. ನಾನು ತೆಗೆದದ್ದು ಒಣಗಿದ್ದು, ಹೊಳೆಯುವ ಹಳದಿ. ಕಣ್ಣಾರೆ ನೋಡಿದ್ದೆ, ಮೂಗಾರೆ ಮೂಸಿದ್ದೆ, ಆದರೂ ಬುದ್ಧಿ ಓಡಲಿಲ್ಲ. ಪರಸಪ್ಪ ಒರೆಸಿ ಹೋದ ಮೇಲೆ ಯಾರೋ ಹೊಸ ಭಂಡಾರ ತಂದು ಅದೇ ಕುಳಿಗೆ ತುಂಬಿದ್ದರು. ಮರುದಿನ ಭೋಂಗಾ ಮತ್ತೆ ಅರಚಲಿ ಎಂದು. ಪರಸಪ್ಪ, ನಾನು ಸರಿ ಮಾಡಿದ್ದೆನಲ್ಲ, ವಾಯರೇ ಕೆಟ್ಟಿರಬೇಕು ಅಂದುಕೊಂಡು ಯಂತ್ರದ ಕೆಳಗೆ ಹೋಗಲಿ ಎಂದು.

ಅದು ಅಪಘಾತವಲ್ಲ. ಮುದುಕವ್ವನದೂ ಅಲ್ಲ, ಅಮಸಿದ್ದನದೂ ಅಲ್ಲ. ಗೊತ್ತಿದ್ದೇ ಮಾಡಿದ ಕೊಲೆ. ಭಂಡಾರದಿಂದ ಭೋಂಗಾ ಕೆಡುತ್ತದೆ ಎಂದು ಪರಸಪ್ಪ ಹೇಳಿದ್ದು ಕ್ಯಾಪ್ಟನ್‌ಗೆ, ಪಂಪಿನ ಕೀಲಿಕೈ ಇದ್ದದ್ದೂ ಅವನ ಕಿಸೆಯಲ್ಲೇ, ಯಾಕೆ ಕೊಂದನೆಂಬುದಷ್ಟೇ ನನಗಿನ್ನೂ ತಿಳಿದಿರಲಿಲ್ಲ.

ಮತ್ತು ಆ ಕೊಲೆಯ ಒಂದೇ ಒಂದು ಸಾಕ್ಷಿಯನ್ನು, ಕೊಲೆಗಾರ ಒರೆಸು ಅಂದ ಕೂಡಲೇ, ಕರುಣೆಯ ಹೆಸರಿನಲ್ಲಿ ಒರೆಸಿ ಬಂದವನು ನಾನು. ಕರವಸ್ತ್ರ ತೆಗೆದು ನೋಡಿದೆ. ಬೆವರು, ಗ್ರೀಸು, ಸ್ಕೂಟರಿನ ಎಣ್ಣೆ ಎಲ್ಲ ಕಲೆತು ಕಪ್ಪು ಹಳದಿಯ ಮುದ್ದೆಯಾಗಿತ್ತು. ಇದು ಹೊಸದೋ ಹಳೆಯದೋ ಎಂದು ಈಗ ಬ್ರಹ್ಮನೂ ಹೇಳಲಾರ. ನನ್ನ ಕಪಾಳಕ್ಕೆ ನಾನೇ ಎರಡು ಬಾರಿಸಿಕೊಳ್ಳಬೇಕು ಅನ್ನಿಸಿತು.

"ಹನಮವ್ವಾ, ಈಗ ಹೇಳಿದ್ದನ್ನ ಫೌಜದಾರರ ಮುಂದ ಹೇಳತೀಯೇನು?"

ಅವಳು ನೆಲದಲ್ಲಿ ಕೂತ ಮುದುಕವ್ವನನ್ನು ನೋಡಿದಳು. ರಟ್ಟೆಗೆ ಕೈ ಕೊಟ್ಟು ಎಬ್ಬಿಸಿದಳು. "ಏಳ ಬೇ. ನಿನ್ನ ಮಗನ್ನ ಕರಕೊಂಡು ಬರೋಣು. ನನ್ನಾಂವ ಅಂತೂ ಬರೂದಿಲ್ಲ."

ಸ್ಕೂಟರನ್ನು ಅಲ್ಲೇ ಬಿಟ್ಟು, ಅಥಣಿ ಕಡೆಯಿಂದ ಬಂದ ಲಾರಿಗೆ ಮೂವರೂ ಹತ್ತಿದೆವು. ದಾರಿಯುದ್ದಕ್ಕೂ ಮುದುಕವ್ವ ಒಂದೇ ಮಾತು ಕೇಳುತ್ತಿದ್ದಳು. "ಖರೇನ ನಂದಲ್ಲೇನ್ರಿ?" ಅಲ್ಲವಾ, ನಿಂದಲ್ಲ ಎಂದು ಪ್ರತಿ ಸಲವೂ ಹೇಳಿದೆ. ಪ್ರತಿ ಸಲವೂ ಅವಳ ಮುಖಕ್ಕೆ ಒಂದಿಷ್ಟು ಜೀವ ಬಂತು.

ಠಾಣೆ ಮುಟ್ಟಿದಾಗ ಬಿಸಿಲು ಇಳಿದಿತ್ತು. ಫೌಜದಾರ ನನ್ನ ಹಳೇ ಪರಿಚಯದವನೇ. ನಮ್ಮನ್ನು ನೋಡಿ ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟ.

"ತಡಾ ಮಾಡಿದೆಲ್ಲೋ ಶಂಕರೆಪ್ಪ."

"ಏನಾತು?"

"ಹುಡುಗ ಒಪ್ಪಿಕೊಂಡ. ಈಗಷ್ಟೇ ಮ್ಯಾಜಿಸ್ಟ್ರೇಟ್ ಸಾಹೇಬ್ರ ಮುಂದ ಕರಕೊಂಡು ಹೋಗಿ ಬಂದ್ವಿ. ಸಿಟ್ಟಿಗೆದ್ದು ಬೇಕಂತಲೇ ಎಂಜಿನ್ ತಳ್ಳಿದ್ನಿ, ಪಂಪ್ ಚಾಲೂ ಐತಿ ಅಂತ ಗೊತ್ತಿತ್ತು, ಯಾರೂ ಹೇಳಿ ಮಾಡಿಸಿದ್ದಲ್ಲ ಅಂದ. ಬರಕೊಟ್ಟು ಸಹಿ ಮಾಡ್ಯಾನ."

"ವಾರದಿಂದ ಬಾಯಿ ಬಿಡದಾಂವ ಇವತ್ತ ಹೆಂಗ ಬಿಟ್ಟ?"

"ಮಧ್ಯಾಹ್ನ ಕ್ಯಾಪ್ಟನ್ ಯಲಗೂರಪ್ಪನವರು ಭೆಟ್ಟಿಗೆ ಬಂದಿದ್ರು. ಬುತ್ತಿ ತಂದು ಕೊಟ್ರು, ಕಿವ್ಯಾಗ ಏನೋ ಬುದ್ಧಿ ಹೇಳಿದ್ರು. ದೊಡ್ಡ ಮನಷ್ಯಾ ಬಿಡು. ಅವರು ಹೋದ ಮ್ಯಾಲ ಹುಡುಗ ತಾನಾಗೇ ಕರದು ಹೇಳ್ದ."

ಮುದುಕವ್ವ ನಮ್ಮನ್ನು ದಾಟಿ ಒಳಗೆ ಓಡಿದಳು. ಪೇದೆ ತಡೆಯಲು ಬಂದ. ಹನಮವ್ವ ಅವನ ಕೈ ಸರಿಸಿದಳು.

ಸರಳುಗಳ ಆಚೆ ಅಮಸಿದ್ದ ಮೊಣಕಾಲಿಗೆ ಗಲ್ಲ ಊರಿ ಕೂತಿದ್ದ. ಮೊದಲು ತಾಯಿಯನ್ನು ನೋಡಿದ. ಅವಳ ಹಿಂದೆ ನಿಂತ ಪರಸಪ್ಪನ ಹೆಂಡತಿಯನ್ನು ನೋಡಿದ. ಆಮೇಲೆ ನನ್ನನ್ನು. ಅವನ ಮುಖ ಬಿಳಿಚಿಕೊಂಡಿತು.

"ಹೇಳಿಬಿಟ್ರ್ಯಾ ಆಕಿಗೆ?" ಎಂದ. "ಆಕಿಗೆ ಗೊತ್ತಾಗಬಾರದಂತಲೇ ನಾ ಸಹಿ ಮಾಡಿ ಬಂದೇನಿ. ನೀವು ಮನಷ್ಯಾರೇನ್ರಿ?"

"ತಮ್ಮಾ, ಕೇಳಿಲ್ಲೆ, ಆ ಭಂಡಾರ..."

"ನನ್ನದಲ್ಲೋ ಯಪ್ಪಾ!" ಮುದುಕವ್ವ ಸರಳಿನೊಳಗೆ ಎರಡೂ ಕೈ ತೂರಿಸಿ ಅವನ ಅಂಗಿ ಹಿಡಿದೆಳೆದಳು. "ನಾ ಹಾಕಿದ್ದು ಅಲ್ಲಂತ! ಬ್ಯಾರೆ ಯಾರೋ ಹಾಕ್ಯಾರಂತ! ಹನಮವ್ವ ಹೇಳ್ಯಾಳ, ಕೇಳಬೇಕಾದ್ರ ಕೇಳು! ನಾ ಏನೂ ಮಾಡಿಲ್ಲೋ!"

ಅವನು ತಾಯಿಯ ಎರಡೂ ಕೈಗಳನ್ನು ಅಂಗಿಯಿಂದ ಬಿಡಿಸಿ ತನ್ನ ಕೈಯೊಳಗೆ ಇಟ್ಟುಕೊಂಡ. ಹಟ ಹಿಡಿದ ಕೂಸನ್ನು ರಮಿಸುವವರ ಹಾಗೆ ತಲೆದೂಗಿದ. ಅವಳ ಒಂದು ಮಾತನ್ನೂ ಅವನು ನಂಬಿರಲಿಲ್ಲ.

"ಹೌದ ಬೇ ಯವ್ವಾ," ಎಂದ. "ನೀ ಏನೂ ಮಾಡಿಲ್ಲ. ನಾನೇ ಕೊಂದೇನಿ."